ಮಚವೆಯೊಳಗಿನ ಸಂಸಾರ

ನಾನು ಒಂದು ಮಚವೆ. ಈಗಿನವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ನದಿಗಳಿಗೆ ಸೇತುವೆ ಬರುವ ಮುಂಚೆ, ಉತ್ತರ ಕನ್ನಡದ ಕರಾವಳಿಯಲ್ಲಿ ಉಪ್ಪು, ಹಂಚು, ತೆಂಗಿನಕಾಯಿಗಳನ್ನು ಊರಿಂದೂರಿಗೆ ಒಯ್ಯುತ್ತಿದ್ದ ಸಣ್ಣ ಹಾಯಿದೋಣಿಗಳನ್ನು ಮಚವೆ ಎಂದು ಕರೆಯುತ್ತಿದ್ದರು. ಅಂಥ ಒಂದು ದೋಣಿ ನಾನು. ನನ್ನೊಳಗೆ ಸರಕು ತುಂಬಿದವರು ಹಲವರಿದ್ದರು. ಸಂಸಾರ ಮಾಡಿದವರು ಇಬ್ಬರೇ. ನನಗೆ ಹೇಳಲಿಕ್ಕಿರುವುದು ಅವರ ಕಥೆ. ನನ್ನದು ಅದರ ಜೊತೆಗೆ ಬರುತ್ತದೆ ಅಷ್ಟೆ.

ಅಘನಾಶಿನಿ ನದಿ ಕಡಲು ಸೇರುವುದಕ್ಕೆ ಸ್ವಲ್ಪ ಮೊದಲು ಒಂದು ನಡುಗಡ್ಡೆಯನ್ನು ಬಳಸಿಕೊಂಡು ಹೋಗುತ್ತದೆ. ಅದಕ್ಕೆ ನಡುಕುರ್ವೆ ಎಂದು ಹೆಸರು. ಆ ಕುರ್ವೆಯ ಮರಳಿನ ಮೇಲೆ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಪುಟ್ಟಯ್ಯ ಆಚಾರಿ ನನ್ನನ್ನು ಕಟ್ಟಿದ. ಹೆಬ್ಬಲಸಿನ ಹಲಗೆ, ಸುರಹೊನ್ನೆಯ ಹಾಯಿಕಂಬ. ಹಲಗೆಯ ಸಂದಿಗಳಿಗೆ ರಾಳದಲ್ಲಿ ಅದ್ದಿದ ಹತ್ತಿಯನ್ನು ಉಳಿಯಿಂದ ತುಂಬಿದ. ಮೈಗೆಲ್ಲ ಮೀನೆಣ್ಣೆ ಬಳಿದ. ಆ ವಾಸನೆ ನನ್ನ ಮೊದಲ ನೆನಪು.

ನನ್ನನ್ನು ಕಟ್ಟಿಸಿದವನು ಹಮ್ಮು ಅಂಬಿಗ. ಕೆಲಸ ನಡೆಯುವಾಗ ಅವನು ದಿನಾ ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದ.

"ಹೊಟ್ಟೆ ದೊಡ್ಡ ಮಾಡಿ ಆಚಾರ್ರೆ" ಎನ್ನುತ್ತಿದ್ದ. "ಉಪ್ಪು ಹಿಡೀಬೇಕು. ಮನುಷ್ಯರು ಹ್ಯಾಂಗಾದ್ರೂ ಇರ್ತ್ರು."

ಹಾಗಾಗಿ ನನ್ನ ನಡುಭಾಗವೆಲ್ಲ ಸರಕಿಗೆ ಹೋಯಿತು. ಮನುಷ್ಯರಿಗೆ ಉಳಿದದ್ದು ಹಿಂಬದಿಯಲ್ಲಿ, ಚುಕ್ಕಾಣಿಯ ಕೆಳಗೆ, ಹಲಗೆಯ ಮಾಡು ಹೊದಿಸಿದ ಒಂದು ಗೂಡು. ಅದರಲ್ಲಿ ಒಬ್ಬ ಕಾಲು ಚಾಚಿ ಮಲಗಬಹುದು, ಇಬ್ಬರು ಮೈ ಮುದುಡಿ ಮಲಗಬಹುದು, ಯಾರೂ ನೆಟ್ಟಗೆ ನಿಲ್ಲುವ ಹಾಗಿಲ್ಲ. ಮುಂಬದಿಯಲ್ಲಿ, ನನ್ನ ಎರಡೂ ಪಕ್ಕೆಗಳು ಬಂದು ಸೇರುವ ಮೂತಿಯ ಹತ್ತಿರ, ಹಗ್ಗ ಲಂಗರು ಇಡಲಿಕ್ಕೆ ಒಂದು ಮುಕ್ಕೋಣದ ಜಾಗ. ಇಷ್ಟೆ.

ಹಮ್ಮುವಿನ ಕಾಲದಲ್ಲಿ ನಾನು ಸಾಣಿಕಟ್ಟೆಯ ಉಪ್ಪು ಹೊತ್ತು ತೆಂಕಣಕ್ಕೆ ಹೋಗುತ್ತಿದ್ದೆ, ಬರುವಾಗ ಹಂಚು ತರುತ್ತಿದ್ದೆ. ಅವನು ತೀರಿಕೊಂಡ ಮೇಲೆ ಮಗ ಜಟ್ಟು ನನ್ನ ತಾಂಡೇಲನಾದ. ದೋಣಿಯ ಯಜಮಾನನಿಗೆ ನಮ್ಮಲ್ಲಿ ತಾಂಡೇಲ ಅನ್ನುವುದು. ಜಟ್ಟು ಮಾತು ಕಡಿಮೆಯ ಮನುಷ್ಯ. ಗಾಳಿ ತಿರುಗುವುದನ್ನು ಕೆನ್ನೆಯಲ್ಲಿ ತಿಳಿಯುತ್ತಿದ್ದ. ಅವನ ಮದುವೆಯಾಯಿತು. ಹೆಂಡತಿಯ ಹೆಸರು ಸೋಮಿ. ನಾವು ಹೊರಡುವಾಗ ಅವಳು ದೋಣಿ ಕಟ್ಟುವ ಧಕ್ಕೆಗೆ ಬಂದು ನನ್ನ ಮೂತಿಗೆ ಕುಂಕುಮ ಹಚ್ಚಿ ಹೋಗುತ್ತಿದ್ದಳು. ಮದುವೆಯ ದಿಬ್ಬಣ ಬಿಟ್ಟರೆ ಹೆಂಗಸರು ದೋಣಿ ಹತ್ತಬಾರದೆಂಬ ಮಾತಿತ್ತು. ಅವಳು ಹತ್ತಿರಲಿಲ್ಲ. ಅವರಿಗೆ ಶೇವಂತಿ ಎಂಬ ಮಗಳು ಹುಟ್ಟಿದಳು.

ಮಗುವಿಗೆ ಮೂರು ತುಂಬುವ ಹೊತ್ತಿಗೆ ಸೋಮಿಯ ತೋಳಿನ ಮೇಲೆ ಮಾಸಲು ಬಣ್ಣದ ಮಚ್ಚೆ ಎದ್ದಿತು. ಆಮೇಲೆ ಕೆನ್ನೆಯ ಮೇಲೆ. ಒಂದು ದಿನ ಒಲೆಯ ಕೆಂಡ ಬೆರಳಿಗೆ ತಾಗಿ ಚರ್ಮ ಸುಟ್ಟ ವಾಸನೆ ಬಂತು. ಆ ವಾಸನೆ ಮೊದಲು ಗೊತ್ತಾದದ್ದು ಪಕ್ಕದ ಮನೆಯವಳಿಗೆ. ಸೋಮಿಗೆ ಗೊತ್ತೇ ಆಗಿರಲಿಲ್ಲ.

ದೊಡ್ಡ ರೋಗ ಎಂದರು ಜನ. ಕುಷ್ಠ ಎಂಬ ಮಾತನ್ನು ಬಾಯಲ್ಲಿ ಆಡಲು ಹೆದರಿ ಹಾಗೆ ಹೇಳುತ್ತಿದ್ದರು. ಬಾವಿಗೆ ಬರಬೇಡ ಎಂದರು. ಕುರ್ವೆಯ ತುದಿಯಲ್ಲಿ, ಹೆಣ ಸುಡುವ ಜಾಗದ ಆಚೆ, ಒಂದು ಗುಡಿಸಲು ಹಾಕಿಕೊಡುತ್ತೇವೆ, ಅಲ್ಲಿರಲಿ ಎಂದು ಊರವರು ಧಕ್ಕೆಯ ಮೇಲೆ ನಿಂತು ತೀರ್ಮಾನ ಮಾಡಿದರು. ಅದನ್ನೆಲ್ಲ ನಾನು ಕಟ್ಟಿದ ಹಗ್ಗದಲ್ಲೇ ನಿಂತು ಕೇಳಿದೆ. ಜಟ್ಟು ತಲೆ ತಗ್ಗಿಸಿ ಕೂತಿದ್ದ. ಕಡೆಗೆ ಹೇಳಿದ:

"ಅಲ್ಲಿ ಬ್ಯಾಡ. ದೋಣಿಲಿ ಇರ್ತದೆ."

"ದೋಣಿಲಿ ಯಾರ ಜೊತಿಗೆ?" ಎಂದು ಯಾರೋ ಕೇಳಿದರು.

"ನನ್ ಜೊತಿಗೆ."

ಮಗುವನ್ನು ಜಟ್ಟುವಿನ ಅಕ್ಕ ಬೀರಮ್ಮ ಇಟ್ಟುಕೊಂಡಳು. ಅವಳು ವಿಧವೆ, ಅದೇ ಮನೆಯಲ್ಲಿದ್ದವಳು. ಸೋಮಿ ಒಂದು ಚಾಪೆ, ಒಂದು ಗಡಿಗೆ, ಎರಡು ಸೀರೆ ಹಿಡಿದುಕೊಂಡು ಮೊದಲ ಸಲ ನನ್ನೊಳಗೆ ಕಾಲಿಟ್ಟಳು. ಇಡುವಾಗ ಬಗ್ಗಿ ನನ್ನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಅವಳು ಹತ್ತಿದ ದಿನವೇ ಇಬ್ಬರು ಕೆಲಸಗಾರರು ಇಳಿದು ಹೋದರು. ಉಪ್ಪಿನ ಸಾಹುಕಾರರು ನನ್ನಲ್ಲಿ ಉಪ್ಪು ತುಂಬಲು ಒಪ್ಪಲಿಲ್ಲ. ತಿನ್ನುವ ವಸ್ತುವನ್ನು ಸಾಗಿಸಲು ಯಾರೂ ಕೊಡಲಿಲ್ಲ. ಜಟ್ಟು ಚಿಪ್ಪಿ ಹೊರಲು ಶುರುಮಾಡಿದ. ಸುಣ್ಣದ ಗೂಡಿಗೆ ಹೋಗುವ ಚಿಪ್ಪಿ ಹೇಗೂ ಬೆಂಕಿಯಲ್ಲಿ ಸುಡುತ್ತದೆ, ಅದಕ್ಕೆ ಯಾರ ಹೆದರಿಕೆಯೂ ಇಲ್ಲ. ಹೊಳೆಯ ತಳದಿಂದ ತೆಗೆದ ಚಿಪ್ಪಿಯ ಗುಡ್ಡೆ ನನ್ನ ಹೊಟ್ಟೆಯಲ್ಲಿ ತುಂಬಿರುತ್ತಿತ್ತು. ಅದರೊಳಗಿನ ಮಾಂಸದ ಚೂರು ಕೊಳೆತು ನಾರುತ್ತಿತ್ತು. ಆ ನಾತದ ಒಂದು ಕಡೆ ಅವನು, ಇನ್ನೊಂದು ಕಡೆ ಅವಳು.

ಹೌದು, ಮೊದಲು ಹಾಗೇ ಇದ್ದರು. ಅವಳನ್ನು ಬಿಟ್ಟುಕೊಡದ ಜಟ್ಟುವಿಗೂ ಹೆದರಿಕೆಯಿತ್ತು. ಮುಂಬದಿಯ ಮುಕ್ಕೋಣದಿಂದ ಹಗ್ಗ ಲಂಗರು ತೆಗೆದು, ಅಲ್ಲಿ ಸೋಮಿಯ ಚಾಪೆ ಹಾಕಿದ. ಚಿಪ್ಪಿ ಉರುಳಿ ಬರದಿರಲಿ ಎಂದು ಹೇಳಿ ಅಡ್ಡಕ್ಕೆ ಹಲಗೆ ಹೊಡೆದ. ಚಿಪ್ಪಿ ಅಷ್ಟೆತ್ತರಕ್ಕೆ ಉರುಳುವುದಿಲ್ಲ ಎಂದು ಅವಳಿಗೂ ತಿಳಿದಿತ್ತು. ಹಲಗೆಯ ತಲೆಯ ಮೇಲೆ ಒಂದು ಗೇಣು ಸಂದಿ. ಅದರಿಂದ ಅವನು ಗಂಜಿ ದಾಟಿಸುತ್ತಿದ್ದ. ಅವಳ ತಟ್ಟೆಗೆ ಅವನ ತಟ್ಟೆ ತಾಗುತ್ತಿರಲಿಲ್ಲ.

ಆ ಮುಕ್ಕೋಣದಲ್ಲಿ ಸೋಮಿ ಹೇಗಿದ್ದಳೆಂದು ನನಗೆ ಗೊತ್ತು. ತಲೆ ಅಗಲದ ಕಡೆ ಇಟ್ಟರೆ ಕಾಲು ಮೂತಿಯಲ್ಲಿ ಒಂದರ ಮೇಲೊಂದು ಬೀಳುತ್ತಿತ್ತು. ಕಾಲು ಅಗಲದ ಕಡೆ ಇಟ್ಟರೆ ಎರಡು ಕಿವಿಗೂ ಹಲಗೆ ಒತ್ತುತ್ತಿತ್ತು. ಅವಳು ಒಂದು ದಿನ ಹಾಗೆ, ಒಂದು ದಿನ ಹೀಗೆ ಮಲಗಿ ನೋಡಿ, ಕಡೆಗೆ ಮೊಣಕಾಲು ಎದೆಗೆ ಅಪ್ಪಿಕೊಂಡು ಮಲಗುವುದನ್ನು ಕಲಿತಳು. ಸೀರೆಯನ್ನು ಮಡಿಸಿ ನನ್ನ ಪಕ್ಕೆಯ ಎಲುಬಿಗೆ ಸಿಕ್ಕಿಸಿದಳು. ತಲೆಯ ಮೇಲೆ ಹಳೆಯ ಬಲೆಯ ತುಂಡನ್ನು ಕಟ್ಟಿ, ಅದರೊಳಗೆ ಬಾಚಣಿಗೆ, ಎಣ್ಣೆಶೀಸೆ, ಮಗುವಿನ ಒಂದು ಹಳೇ ಅಂಗಿ ಇಟ್ಟಳು. ಜಾಗ ಇಲ್ಲ ಎಂದು ಒಮ್ಮೆಯೂ ಹೇಳಲಿಲ್ಲ.

ಆ ವರ್ಷದ ಮಳೆಗಾಲ ಬಂತು. ಮಳೆಗಾಲದಲ್ಲಿ ಮಚವೆಗಳು ಕಡಲಿಗೆ ಹೋಗುವುದಿಲ್ಲ, ದಡಕ್ಕೆ ಎಳೆದು ತೆಂಗಿನ ಮಡಲಿನ ತಟ್ಟಿ ಹೊದಿಸಿಡುತ್ತಾರೆ. ನನ್ನನ್ನು ಊರಿನ ದಡಕ್ಕೆ ಎಳೆಯಲು ಯಾರೂ ಬರಲಿಲ್ಲ. ಜಟ್ಟು ನನ್ನನ್ನು ಕುರ್ವೆಯ ಹಿಂದಿನ ಕಾಲುವೆಗೆ ತಂದು, ಕಾಂಡ್ಲ ಗಿಡಗಳ ನಡುವೆ ಬೇರಿಗೆ ಕಟ್ಟಿದ. ಉಪ್ಪುನೀರಲ್ಲಿ ಬೇರೂರಿ ನಿಲ್ಲುವ ಗಿಡ ಅದು. ಗಾಳಿಯನ್ನು ತಡೆಯುತ್ತದೆ, ಮಳೆಯನ್ನು ತಡೆಯುವುದಿಲ್ಲ. ನನ್ನ ಮೂತಿಯ ಮೇಲಿನ ತಟ್ಟಿ ಹಾರಿಹೋಯಿತು. ಸೋಮಿಯ ಚಾಪೆಯ ಕೆಳಗೆ ನೀರು ನಿಂತಿತು. ಅವಳು ಕೂತೇ ಇದ್ದಳು. ಎರಡು ದಿನ ಹಾಗೆ ಕೂತಿದ್ದಳು. ಆ ಕಡೆಯಿಂದ ಜಟ್ಟು ಅವಳ ಹಲ್ಲು ಕಡಿಯುವುದನ್ನು ಕೇಳುತ್ತಿದ್ದ.

ಎರಡನೇ ದಿನ ಮಧ್ಯಾಹ್ನ ಅವನು ಎದ್ದು ಬಂದು ಹಲಗೆಯನ್ನು ಕಿತ್ತ. ಮೊಳೆ ಬರದ ಕಡೆ ಕಾಲಿನಿಂದ ಒದ್ದ.

"ಇಲ್ಲಿ ಬಾ. ಈ ಬದಿ ಒಣಕಲು ಅದೆ."

"ಬ್ಯಾಡ. ನಿಮಗೆ ತಾಗ್ತದೆ."

"ತಾಗಿದ್ರೆ ತಾಗ್ಲಿ. ದೋಣಿಲಿ ಒಣ ಜಾಗ ಇರೂದೇ ಒಂದು."

ಹೆದರಿಕೆ ಇಟ್ಟುಕೊಳ್ಳಲಿಕ್ಕೂ ಒಂದಿಷ್ಟು ಜಾಗ ಬೇಕು. ನನ್ನೊಳಗೆ ಅಷ್ಟು ಇರಲಿಲ್ಲ.

ಅಂದಿನಿಂದ ಇಬ್ಬರೂ ಹಿಂದಿನ ಗೂಡಿನಲ್ಲಿ ಇದ್ದರು. ಕಿತ್ತ ಹಲಗೆಯನ್ನು ಸೋಮಿ ಬಿಡಲಿಲ್ಲ. ಗೂಡಿನ ಅಡ್ಡಕ್ಕೆ ಇಟ್ಟರೆ ಅದರ ಮೇಲೆ ಊಟ. ಕೆಳಗೆ ಹಾಸಿದರೆ ಮಲಗಲು ಇನ್ನೊಂದು ಗೇಣು ಅಗಲ. ಮರದ ಪೆಟ್ಟಿಗೆಯಲ್ಲಿ ಮರಳು ತುಂಬಿ ಅದರ ಮೇಲೆ ಒಲೆ ಇಟ್ಟಳು. ಅಕ್ಕಿಯನ್ನು ಡಬ್ಬಿಯಲ್ಲಿ ಹಾಕಿ ಮಾಡಿನಿಂದ ತೂಗುಬಿಟ್ಟಳು, ಇಲಿಗೂ ಇಲ್ಲ, ನೀರಿಗೂ ಇಲ್ಲ. ಪಾತ್ರೆಗಳನ್ನು ಒಂದರೊಳಗೊಂದು ಇಡುವುದು, ಅವುಗಳ ನಡುವೆ ಬಟ್ಟೆ ತುರುಕುವುದು, ಅಲೆಗೆ ಸದ್ದಾಗಬಾರದು. ಬೆರಳುಗಳಿಗೆ ಸ್ಪರ್ಶ ಇರಲಿಲ್ಲವಾದ್ದರಿಂದ ಬಿಸಿ ಪಾತ್ರೆಯನ್ನು ಮೊದಲು ಮೊಣಕೈಗೆ ತಾಗಿಸಿ ನೋಡುತ್ತಿದ್ದಳು. ಹಾಯಿ ಏರಿಸುವುದನ್ನೂ ಕಲಿತಳು. ಹಗ್ಗವನ್ನು ಮುಂಗೈಗೆ ಸುತ್ತಿ, ಹಿಂದಕ್ಕೆ ಒರಗಿ, ಮೈಯ ಭಾರದಿಂದಲೇ ಎಳೆಯುತ್ತಿದ್ದಳು.

ಅವರು ಜಗಳ ಆಡುತ್ತಿರಲಿಲ್ಲ ಎಂದಲ್ಲ. ಆಡಿದ ಮೇಲೆ ಒಬ್ಬರಿಂದೊಬ್ಬರು ದೂರ ಹೋಗಲು ಜಾಗ ಇರಲಿಲ್ಲ. ಜಟ್ಟು ನನ್ನ ಹಿಂದೆ ಕಟ್ಟಿದ ಪಾತಿಗೆ, ಅಂದರೆ ಒಬ್ಬರೇ ಕೂರುವ ಪುಟ್ಟ ದೋಣಿಗೆ, ಇಳಿದು ಬೆನ್ನು ತಿರುಗಿಸಿ ಕೂರುತ್ತಿದ್ದ. ಹಗ್ಗದ ಉದ್ದ ಎಷ್ಟೋ ಅವನ ಕೋಪ ಅಷ್ಟು. ಗಂಜಿ ಬೆಂದ ವಾಸನೆ ಬಂದರೆ ಹಗ್ಗ ಎಳೆದುಕೊಂಡು ಬರುತ್ತಿದ್ದ.

ನಡುಕುರ್ವೆಯ ಧಕ್ಕೆಗೆ ಜಟ್ಟು ಪಾತಿಯಲ್ಲಿ ಒಬ್ಬನೇ ಹೋಗಿ ಬರುತ್ತಿದ್ದ. ನಾನು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದೆ. ಸೋಮಿ ಗೂಡಿನ ಸಂದಿಯಿಂದ ದಡವನ್ನು ನೋಡುತ್ತಿದ್ದಳು. ಧಕ್ಕೆಯ ಮೇಲೆ ಒಂದು ಹೆಣ್ಣುಮಗು ಅಪ್ಪನ ಕೈಯಿಂದ ಏನನ್ನೋ ಇಸಿದುಕೊಳ್ಳುವುದು ಕಾಣುತ್ತಿತ್ತು. ಅವನು ಬಂದ ಕೂಡಲೇ ಕೇಳುತ್ತಿದ್ದಳು, "ಎಷ್ಟೆತ್ರ ಆಗದೆ?" ಅವನು ತನ್ನ ಸೊಂಟದ ಹತ್ತಿರ ಕೈ ಇಟ್ಟು ತೋರಿಸುತ್ತಿದ್ದ. ಆಮೇಲೆ ಎದೆಯ ಹತ್ತಿರ. ಆಮೇಲೆ ಭುಜದ ಹತ್ತಿರ.

ಅಮ್ಮ ಎಲ್ಲಿ ಎಂದು ಮಗು ಕೇಳಿದಾಗ ಬೀರಮ್ಮ ಸತ್ತುಹೋದಳೆಂದು ಹೇಳಿದ್ದಳು. ಅದು ದುಷ್ಟತನದಿಂದ ಹೇಳಿದ್ದಲ್ಲ. ಊರಿನ ಮಕ್ಕಳು ಅವಳೊಡನೆ ಆಡಲಿ ಎಂದು ಹೇಳಿದ್ದು. ಊರವರೂ ಬರಬರುತ್ತ ಹಾಗೇ ಹೇಳತೊಡಗಿದರು. ವರ್ಷಗಟ್ಟಲೆ ಕಣ್ಣಿಗೆ ಕಾಣದವಳು ಸತ್ತಂತೆಯೇ ಅಲ್ಲವೆ.

ಶೇವಂತಿಗೆ ಗಂಡು ಬಂತು. ನದಿಯ ಆಚೆ ದಡದ ಊರು, ಒಳ್ಳೆಯ ಮನೆತನ, ಹುಡುಗ ಹಡಗುಕಟ್ಟೆಯಲ್ಲಿ ಕೆಲಸದಲ್ಲಿದ್ದ. ಜಟ್ಟು ಮಾತುಕತೆಗೆ ಹೋಗಿ ಬಂದ. ಬಂದವನು ಬಹಳ ಹೊತ್ತು ಹಗ್ಗ ಸುತ್ತುತ್ತ ಕೂತ. ಸೋಮಿಯೇ ಕೇಳಿದಳು:

"ತಾಯಿ ಎಲ್ಲಿ ಹೇಳಿ ಕೇಳಿದ್ರಾ?"

"ಕೇಳಿದ್ರು."

"ಸತ್ತದೆ ಹೇಳಿದ್ರಾ?"

"ಅಕ್ಕ ಹೇಳ್ತು. ನಾ ಸುಮ್ನೆ ಇದ್ದೆ."

"ಸುಮ್ನೆ ಇದ್ರೆ ಸಾಲೂದಿಲ್ಲ. ನೀವೂ ಹೇಳ್ಬೇಕಾಗಿತ್ತು. ಸಂಶಯ ಬತ್ತದೆ." ಆಮೇಲೆ ಕೇಳಿದಳು, "ಎಂತ ಆಗಿ ಸತ್ತದ್ದು ನಾನು?"

"ಜ್ವರ ಬಂದು."

"ಆಗ್ಲಿ" ಎಂದಳು. ಮತ್ತೆ ಒಲೆಯ ಕಡೆ ತಿರುಗಿದಳು.

ಮದುವೆಯ ದಿಬ್ಬಣ ನದಿ ದಾಟಬೇಕಿತ್ತು. ಮದುಮಗಳು ಅಪ್ಪನ ದೋಣಿಯಲ್ಲೇ ಗಂಡನ ಮನೆಗೆ ಹೋಗಬೇಕೆಂದು ಗಂಡಿನ ಕಡೆಯವರು ಬಯಸಿದರು, ಅದು ಅಂಬಿಗರ ಮರ್ಯಾದೆ. ಜಟ್ಟು ಇಲ್ಲ ಎನ್ನಲಾಗಲಿಲ್ಲ. ಸೋಮಿಯನ್ನು ಕಾಂಡ್ಲದ ಕಾಲುವೆಯಲ್ಲಿ ಪಾತಿಯೊಳಗೆ ಬಿಟ್ಟು ಬರುವುದೆಂದು ಅವನು ಯೋಚಿಸಿದ್ದ. ಸೋಮಿ ಒಪ್ಪಲಿಲ್ಲ.

"ನಾ ದೋಣಿಲೇ ಇರ್ತೆ. ಮುಂದಿನ ಮೂತಿಲಿ. ಹಲಗೆ ಹೊಡೆದುಬಿಡಿ."

"ಉಸಿರು ಕಟ್ತದೆ."

"ಹೊಳೆ ದಾಟೂವರೆಗೆ ಕಟ್ಟೂದಿಲ್ಲ."

ಅವನು ನನ್ನನ್ನು ಉಜ್ಜಿ ತೊಳೆದ. ಮಾವಿನ ತೋರಣ ಕಟ್ಟಿದ. ಸೋಮಿ ಮೂತಿಗೆ ನುಸುಳಿ ಮೊಣಕಾಲು ಅಪ್ಪಿಕೊಂಡಳು. ಹಲಗೆ ಮತ್ತೆ ಎದ್ದಿತು, ಈ ಸಲ ಮೇಲಿನ ಗೇಣು ಸಂದಿಯನ್ನೂ ಚಾಪೆ ತುರುಕಿ ಮುಚ್ಚಿದ. ದಿಬ್ಬಣ ಹತ್ತಿತು. ಹೆಂಗಸರು, ವಾದ್ಯದವರು, ಹಣ್ಣುಕಾಯಿಯ ಬುಟ್ಟಿಗಳು. ಮದುಮಗಳನ್ನು ಎಲ್ಲಿ ಕೂರಿಸುವುದು ಎಂದು ಬೀರಮ್ಮ ಸುತ್ತ ನೋಡಿ, ಒರಗಲು ಆಗುತ್ತದೆಂದು ಆ ಹಲಗೆಯ ಮುಂದೆಯೇ ಚಾಪೆ ಹಾಸಿದಳು. ಒಳಗೆ ಯಾರಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ಶೇವಂತಿ ಬಂದು ಹಲಗೆಗೆ ಬೆನ್ನು ಕೊಟ್ಟು ಕೂತಳು. ಆಚೆ ಬದಿಯಲ್ಲಿ ಅವಳ ತಾಯಿಯ ಬೆನ್ನು ಅದೇ ಹಲಗೆಗೆ ಒರಗಿತ್ತು. ನಡುವೆ ಇದ್ದದ್ದು ಒಂದು ಬೆರಳು ದಪ್ಪದ ಮರ. ಹುಡುಗಿ ಅಳುತ್ತಿದ್ದಳು. ಅಳುವಾಗ ಅವಳ ಬೆನ್ನು ನಡುಗುತ್ತಿತ್ತು, ಹಲಗೆ ನಡುಗುತ್ತಿತ್ತು, ಆಚೆಯವಳೂ ಅದರ ಜೊತೆಗೆ ನಡುಗುತ್ತಿದ್ದಳು. ಯಾರೋ ಹೆಂಗಸು, "ಇರ್ಲಿ ಮಗಾ, ಅಬ್ಬೆ ಇಲ್ದೇ ಹೋದ್ರೂ ಮೇಲಿಂದ ನೋಡ್ತಾ ಇರ್ತದೆ" ಎಂದಳು.

ಸೋಮಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಜಟ್ಟು ಚುಕ್ಕಾಣಿ ಹಿಡಿದು ನೇರ ಮುಂದೆ ನೋಡುತ್ತಿದ್ದ. ಒಳ್ಳೆಯ ಗಾಳಿಯಿತ್ತು, ಬೇಗ ದಾಟಬಹುದಿತ್ತು. ಆದರೆ ಅವನು ಹಾಯಿಯನ್ನು ಅರ್ಧಕ್ಕೆ ಇಳಿಸಿದ. ನಿಧಾನಕ್ಕೆ ಹೋಗೋಣ, ಮದುಮಗಳಿಗೆ ನೀರು ಸಿಡಿಯುತ್ತದೆ ಎಂದು ಹೇಳಿದ. ಆ ದಾಟು ನಾನು ಮಾಡಿದ ಎಲ್ಲ ಪ್ರಯಾಣಗಳಲ್ಲಿ ಅತ್ಯಂತ ಚಿಕ್ಕದು. ಅಷ್ಟು ಭಾರವನ್ನು ನಾನು ಮತ್ತೆ ಹೊರಲಿಲ್ಲ.

ಮದುವೆ ಕಳೆದು ಕೆಲವು ವರ್ಷಕ್ಕೆ ಸುಣ್ಣದ ಗೂಡಿನ ಊರಿಗೆ ಸೈಕಲ್ ಮೇಲೆ ಒಬ್ಬ ಆರೋಗ್ಯ ಕಾರ್ಯಕರ್ತ ಬರತೊಡಗಿದ. ವಯಸ್ಸಾದ ಮನುಷ್ಯ. ದೋಣಿಯಲ್ಲಿ ರೋಗಿಯಿದ್ದಾಳೆ ಎಂದು ಯಾರೋ ಹೇಳಿದರಂತೆ, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಲ್ಲಿ ನಡೆದು ನನ್ನ ಹತ್ತಿರ ಬಂದ. ಬಿಳಿ ಮಾತ್ರೆ ಕೊಟ್ಟ. ತಿಂಗಳು ತಿಂಗಳೂ ಬಂದ. ಸೋಮಿ ವರ್ಷಗಟ್ಟಲೆ ನುಂಗಿದಳು. ಒಂದು ದಿನ ಅವನು ಅವಳ ಮೈಯ ಮಚ್ಚೆಗಳನ್ನು ಗರಿಯಿಂದ ಮುಟ್ಟಿ ನೋಡಿ, ಕಾಗದ ಮಡಿಸಿ ಹೇಳಿದ:

"ಇನ್ನು ನಿಮಗೆ ಈ ರೋಗ ಇಲ್ಲಮ್ಮ. ಯಾರಿಗೂ ನಿಮ್ಮಿಂದ ತಾಗೋದಿಲ್ಲ. ಹೋದ ಬೆರಳು ಬರೋದಿಲ್ಲ, ಅಷ್ಟೆ. ಮನೆಗೆ ಹೋಗಬಹುದು ನೀವು."

ಸೋಮಿ ಜಟ್ಟುವಿನ ಮುಖ ನೋಡಿದಳು. ಜಟ್ಟು ನೀರು ನೋಡಿದ. ಆ ಮನುಷ್ಯ ಸೈಕಲ್ ಹತ್ತಿ ಹೋದ ಮೇಲೆ ಅವಳು ಹೇಳಿದಳು, "ಸತ್ತವಳು ಹ್ಯಾಂಗೆ ಮನೆಗೆ ಹೋಗೂದು?"

ಅಲ್ಲಿಗೆ ಆ ಮಾತು ಮುಗಿಯಿತು. ಶೇವಂತಿಗೆ ಆಗಲೇ ಎರಡು ಹೆಣ್ಣುಮಕ್ಕಳು. ಸುಳ್ಳು ಬೆಳೆದು ಒಂದು ಮನೆಯ ಕಂಬವಾಗಿತ್ತು. ಅದನ್ನು ತೆಗೆಯುವ ಹಾಗಿರಲಿಲ್ಲ.

ಸೇತುವೆ ಬಂತು, ಲಾರಿಗಳು ಬಂದವು. ಮಚವೆಗೆ ಚಿಪ್ಪಿ ಕೊಡುವವರೂ ಕಡಿಮೆಯಾದರು. ನನ್ನ ಹೊಟ್ಟೆ ಬರಿದಾಯಿತು. ಅಷ್ಟು ದಿನ ಚಿಪ್ಪಿ ತುಂಬಿದ್ದ ಜಾಗ ಈಗ ಅವರಿಗೆ ಸಿಕ್ಕಿತು. ಅಲ್ಲಿ ಕೈಕಾಲು ಚಾಚಿ ಮಲಗಬಹುದಿತ್ತು. ಆದರೆ ಅವರು ಗೂಡು ಬಿಟ್ಟು ಬರಲಿಲ್ಲ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಒಂದು ಕಾರ್ತಿಕದಲ್ಲಿ ಜಟ್ಟುವಿಗೆ ಎದೆನೋವು ಬಂತು. ಬೆಳಗಿನ ಗಂಜಿ ಕುಡಿದು ಹಾಯಿ ಹೊಲಿಯುತ್ತ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಸೋಮಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದಳು. ಲಂಗರು ಎತ್ತಿದಳು. ಹಗ್ಗವನ್ನು ಮುಂಗೈಗೆ ಸುತ್ತಿ ಹಾಯಿ ಏರಿಸಿದಳು. ಅಷ್ಟು ವರ್ಷ ದೂರದಿಂದ ನೋಡುತ್ತಿದ್ದ ನಡುಕುರ್ವೆಯ ಧಕ್ಕೆಗೆ ನನ್ನನ್ನು ನೇರ ತಂದು ನಿಲ್ಲಿಸಿದಳು.

ಜನ ಸೇರಿದರು. ಹೆಣವನ್ನು ಇಳಿಸಿಕೊಂಡರು. ಸೋಮಿ ನನ್ನೊಳಗೇ ಉಳಿದಳು. ಮುದಿ ಬೀರಮ್ಮ ಬಂದು ದಡದಲ್ಲಿ ನಿಂತು ಅವಳನ್ನು ಗುರುತಿಸಿದಳು. ಶೇವಂತಿ ಬಸ್ಸಿನಲ್ಲಿ ಬಂದಳು. ಅಪ್ಪನ ಹೆಣದ ಮೇಲೆ ಬಿದ್ದು ಅತ್ತಳು. ಅಳು ಮುಗಿದ ಮೇಲೆ ಅವಳ ಕಣ್ಣು ದೋಣಿಯ ಕಡೆ ಬಂತು. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದ ಮುದುಕಿಯನ್ನು ನೋಡಿದಳು.

"ನೀವ್ ಯಾರು?"

"ದೋಣಿಲಿ ಅಡಿಗೆ ಮಾಡ್ಕಂಡಿದ್ದೆ" ಎಂದಳು ಸೋಮಿ.

ಶೇವಂತಿ ಗೂಡಿನ ಒಳಗೆ ಬಗ್ಗಿ ನೋಡಿದಳು. ಒಂದೇ ಚಾಪೆ, ಎರಡು ತಲೆದಿಂಬು. ಅವಳ ಮುಖ ಬಿಗಿಯಿತು.

"ಅಪ್ಪ ನಿನ್ನ ಇಟ್ಕಂಡಿದ್ನಾ?"

ಸೋಮಿ ಮಗಳ ಮುಖವನ್ನು ಅಷ್ಟು ವರ್ಷಗಳ ಮೇಲೆ ಮೊದಲ ಸಲ ಹತ್ತಿರದಿಂದ ನೋಡುತ್ತಿದ್ದಳು.

"ಕೇಳ್ತಿಲ್ಯಾ? ನನ್ ಅಬ್ಬೆ ಸತ್ತ ಮೇಲೆ ನಿನ್ನ ಇಟ್ಕಂಡಿದ್ನಾ?"

"ಹೌದು" ಎಂದಳು ಸೋಮಿ.

ದಡದಲ್ಲಿ ಬೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶೇವಂತಿ ತಿರುಗಿ ನೋಡದೆ ಹೋದಳು. ಚಿತೆಯ ಹೊಗೆ ಸೋಮಿಗೆ ದೋಣಿಯಿಂದಲೇ ಕಂಡಿತು. ಆಮೇಲೆ ಅವಳು ನನ್ನನ್ನು ಹಿಂದಿನ ಕಾಲುವೆಗೆ ತಂದು, ಕಾಂಡ್ಲದ ಬೇರಿಗೆ ಕಟ್ಟಿದಳು. ಅಲ್ಲಿಂದ ನಾನು ಮತ್ತೆ ಹೊರಡಲಿಲ್ಲ.

ಸೋಮಿ ಒಬ್ಬಳೇ ಕೆಲವು ಮಳೆಗಾಲ ಕಳೆದಳು. ಚಿಪ್ಪಿ ಆರಿಸುವ ಹೆಂಗಸರು ಇಳಿತದ ಹೊತ್ತಿಗೆ ಕಾಲುವೆಗೆ ಬರುತ್ತಿದ್ದರು. ಅವರು ಒಂದಿಷ್ಟು ಅಕ್ಕಿ, ಮೀನು ನನ್ನ ಅಂಚಿನ ಮೇಲೆ ಇಟ್ಟು ಹೋಗುತ್ತಿದ್ದರು. ಬೀರಮ್ಮ ಸಾಯುವ ಮುಂಚೆ ಶೇವಂತಿಯನ್ನು ಕರೆಸಿ ಎಲ್ಲ ಹೇಳಿದಳಂತೆ. ಬೀರಮ್ಮನ ಹದಿನಾಲ್ಕನೆಯ ದಿನದ ಕಾರ್ಯ ಮುಗಿಸಿ, ಒಂದು ಬೆಳಿಗ್ಗೆ ಶೇವಂತಿ ಪಾತಿಯಲ್ಲಿ ಬಂದು ನನ್ನನ್ನು ಹತ್ತಿದಳು. ಅವಳ ಕೂದಲೂ ನರೆತಿತ್ತು.

"ಅತ್ತೆ ಹೇಳ್ತು" ಎಂದಳು.

ಸೋಮಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

ನೀರು ಇಳಿಯುತ್ತಿತ್ತು. ನೋಡುನೋಡುತ್ತಿದ್ದಂತೆ ಕಾಲುವೆ ಬತ್ತಿ, ಪಾತಿಯೂ ನಾನೂ ಕೆಸರಲ್ಲಿ ಕೂತೆವು. ಮತ್ತೆ ನೀರು ಏರುವವರೆಗೆ ಶೇವಂತಿ ಹೋಗುವ ಹಾಗಿರಲಿಲ್ಲ. ಆ ಹೊತ್ತು ಅವರಿಬ್ಬರಿಗೆ ಸಿಕ್ಕಿತು.

ಮೊದಲು ಇಬ್ಬರೂ ಅತ್ತರು. ಒಬ್ಬಳು ಸದ್ದು ಮಾಡಿ, ಇನ್ನೊಬ್ಬಳು ಸದ್ದಿಲ್ಲದೆ. ಆಮೇಲೆ ಶೇವಂತಿ ಸುತ್ತಲೂ ನೋಡಿ ಕೇಳಿದಳು, "ಇಷ್ಟೇ ಜಾಗದಲ್ಲಿ ಹ್ಯಾಂಗೆ ಇದ್ರಿ ಇಬ್ರೂ?"

ಸೋಮಿಯ ಮುಖದಲ್ಲಿ ಏನೋ ಬಂತು. ಮನೆಗೆ ಬಂದ ನೆಂಟರಿಗೆ ಮನೆ ತೋರಿಸುವ ಹೆಂಗಸಿನ ಮುಖದಲ್ಲಿ ಇರುವಂಥದ್ದು. ಅವಳಿಗೆ ಆ ತನಕ ಯಾರೂ ನೆಂಟರು ಬಂದಿರಲಿಲ್ಲ.

"ಕುಂತ್ರೆ ಅಡಿಗೆಮನೆ" ಎಂದಳು. "ಮನಿಕಂಡ್ರೆ ಕೋಣೆ. ಅಕ್ಕಿ ಮೇಲೆ ತೂಗಾಕೂದು. ಒಲೆ ಗಾಳಿಗೆ ಬೆನ್ನು ಹಾಕಿ ಇಡೂದು. ಒಬ್ರು ಮಗ್ಗುಲು ತಿರುಗಿದ್ರೆ ಇನ್ನೊಬ್ರೂ ತಿರುಗಬೇಕು. ಮೊದ್ಲು ಹೇಳಿ ತಿರುಗ್ತಿದ್ವು. ಆಮೇಲೆ ಹೇಳೂದು ಬೇಕಾಗ್ಲಿಲ್ಲ."

"ಅಪ್ಪ ಯಾವ ಬದಿ ಮಲಗ್ತಿದ್ದ?"

"ಈ ಬದಿ. ನೀರು ಒಸರೂದು ಈ ಬದಿ, ಅದ್ಕೆ."

ಶೇವಂತಿ ಆ ಬದಿಗೆ ಹೋಗಿ ಮಲಗಿದಳು. ದೊಡ್ಡ ಮೈಯ ಹೆಂಗಸು, ಕಾಲು ಹಿಡಿಸಲಿಲ್ಲ. ಸೋಮಿ ಅವಳ ಮೊಣಕಾಲನ್ನು ಮುಂಗೈಯಿಂದ ಮೆಲ್ಲಗೆ ಮಡಿಸಿ, ಹೇಗೆ ಮಲಗಬೇಕೆಂದು ತೋರಿಸಿದಳು. ಮಗಳನ್ನು ಮುಟ್ಟಿದ್ದು ಅವಳಿಗೆ ಮೂರು ವರ್ಷ ತುಂಬಿದ ಮೇಲೆ ಅದೇ ಮೊದಲು.

ನೀರು ಏರತೊಡಗಿದಾಗ ಶೇವಂತಿ ಎದ್ದು ಕೂತು ಹೇಳಿದಳು, "ನೀ ನನ್ ಜೊತಿಗೆ ಬಾ. ಮನೆಗೆ ಬಾ."

"ನಿನ್ ಮನೆಗೆ ನಾ ಸತ್ತವಳು, ಮಗಾ. ಈಗ ಎದ್ದು ಬಂದ್ರೆ ನೀ ಸುಳ್ಳುಗಾರ್ತಿ ಆಗ್ತೆ. ನಿನ್ ಹುಡ್ಗೀರಿಗೆ ಮದುವೆ ಆಗ್ಬೇಕು."

ಶೇವಂತಿ ಎರಡನೇ ಸಲ ಕೇಳಲಿಲ್ಲ. ಕೇಳದೇ ಹೋದದ್ದಕ್ಕೆ ಅವಳ ಉಸಿರು ಸ್ವಲ್ಪ ಸಡಿಲವಾದದ್ದನ್ನು ನಾನು ಕೇಳಿದೆ. ಸೋಮಿಯೂ ಕೇಳಿರಬೇಕು. ಅವಳು ಮಗಳ ಸೆರಗಿಗೆ ಅಂಟಿದ್ದ ಕೆಸರನ್ನು ಒರೆಸಿ, ಪಾತಿಯ ಹಗ್ಗ ಬಿಚ್ಚಿಕೊಟ್ಟಳು.

ಆಮೇಲೆ ಶೇವಂತಿ ವರ್ಷಕ್ಕೊಮ್ಮೆ ಬಂದಳು, ಅಪ್ಪನ ತಿಥಿಯ ನೆಪದಲ್ಲಿ. ಅಕ್ಕಿ, ಬೆಲ್ಲ, ಒಂದು ಸೀರೆ ತರುತ್ತಿದ್ದಳು. ಇಳಿತದ ಹೊತ್ತು ನೋಡಿಕೊಂಡೇ ಬರುತ್ತಿದ್ದಳು.

ಒಂದು ಆಶ್ವೀಜದಲ್ಲಿ ಚಿಪ್ಪಿಯ ಹೆಂಗಸರು ನನ್ನ ಮೇಲೆ ಹೊಗೆ ಕಾಣದೆ ಬಗ್ಗಿ ನೋಡಿದರು. ಸೋಮಿ ಮೊಣಕಾಲು ಎದೆಗೆ ಅಪ್ಪಿಕೊಂಡು ಮಲಗಿದ್ದಳು. ಊರಿನ ನಾಲ್ಕು ಜನ ಬಂದು ಎತ್ತಿಕೊಂಡು ಹೋದರು. ಜಟ್ಟು ಇಟ್ಟುಕೊಂಡಿದ್ದ ಹೆಂಗಸು ಎಂದು ಅವರಲ್ಲಿ ಕಿರಿಯವರು ಮಾತಾಡಿಕೊಂಡರು. ಹಿರಿಯರು ತಿದ್ದಲಿಲ್ಲ. ಶೇವಂತಿಗೆ ತಿಳಿಸಬೇಕೆಂದು ಯಾರಿಗೂ ತೋಚಲಿಲ್ಲ.

ಅವಳು ತಿಥಿಗೆ ಬಂದಾಗ ಗೂಡು ಖಾಲಿ. ಅಕ್ಕಿಯ ಗಂಟನ್ನು ಹಿಡಿದುಕೊಂಡೇ ಕೂತಳು. ಚಿಪ್ಪಿ ಆರಿಸುತ್ತಿದ್ದವಳೊಬ್ಬಳು ಕೆಸರಿನಿಂದಲೇ ಹೇಳಿದಳು, "ಅದು ಹೋಯ್ತು ತಂಗಿ, ಮೊನ್ನೆ ಅಮಾವಾಸೆಗೆ." ಶೇವಂತಿ ಹೂಂ ಎಂದಳು. ನೀರು ಇಳಿದು ಮತ್ತೆ ಏರುವವರೆಗೆ ಅಲ್ಲೇ ಇದ್ದಳು. ಪಾತ್ರೆಗಳನ್ನು ತೊಳೆದು ಒಂದರೊಳಗೊಂದು ಇಟ್ಟಳು.

ತಾಯಿ ಸತ್ತರೆ ಮಗಳಿಗೆ ಸೂತಕ. ಆದರೆ ಎಂದೋ ಸತ್ತಿದ್ದಾಳೆಂದು ಎಲ್ಲರಿಗೂ ಹೇಳಿದ ತಾಯಿ ಈಗ ಸತ್ತರೆ ಯಾರೆದುರು ಸೂತಕ ಹಿಡಿಯುವುದು? ಮನೆಯಲ್ಲಿ ಮೊಮ್ಮಗುವಿ‌ನ ಹೆಸರಿಡುವ ಕಾರ್ಯವಿತ್ತಂತೆ. ನೀರು ಎದೆಮಟ್ಟ ಬಂದಾಗ ಅವಳು ನನ್ನ ಅಂಚು ಹಿಡಿದು ಕಾಲುವೆಗೆ ಇಳಿದಳು. ಉಟ್ಟ ಸೀರೆಯಲ್ಲೇ, ತಲೆಯವರೆಗೆ, ಮೂರು ಸಲ ಮುಳುಗಿದಳು. ಮೇಲೆ ಬಂದು ಕೂದಲು ಹಿಂಡಿಕೊಂಡಳು. ಒದ್ದೆ ಬಟ್ಟೆಯಲ್ಲೇ ಪಾತಿ ಹತ್ತಿ ಹೋದಳು. ಮನೆಯಲ್ಲಿ ಕೇಳಿದರೆ ಕೆಸರಲ್ಲಿ ಜಾರಿ ಬಿದ್ದೆ ಎಂದು ಹೇಳಿರಬೇಕು. ಮತ್ತೆ ಬರಲಿಲ್ಲ.

ಈಗ ನನ್ನ ಹಲಗೆಗಳು ಮೆತ್ತಗಾಗಿವೆ. ಹಾಯಿಕಂಬವನ್ನು ಯಾರೋ ಮನೆಯ ಜಂತಿಗೆ ಒಯ್ದರು. ಹೊಟ್ಟೆಯಲ್ಲಿ ಒಂದು ಕಾಂಡ್ಲ ಗಿಡ ಹುಟ್ಟಿದೆ. ನನ್ನಂಥ ಚಿಕ್ಕ ದೋಣಿಯಲ್ಲಿ ಬಾಳು ಮಾಡುವುದು ಕಷ್ಟ ಎಂದು ದಾರಿಹೋಕರು ಹೇಳುವುದನ್ನು ಕೇಳಿದ್ದೇನೆ. ಕಷ್ಟ ಹೌದು. ಆದರೆ ಅವರಿಬ್ಬರಿಗೆ ಜಾಗ ಸಾಲದೇ ಹೋದದ್ದು ನನ್ನಲ್ಲಲ್ಲ, ಕಣ್ಣಿಗೆ ಕಾಣುವಷ್ಟು ದೂರ ಹರಡಿದ ಆ ದಡದಲ್ಲಿ. ಉಬ್ಬರದಲ್ಲಿ ನೀರು ನನ್ನೊಳಗೆ ಬರುತ್ತದೆ, ಇಳಿತದಲ್ಲಿ ಹೋಗುತ್ತದೆ. ಅದನ್ನು ಹೊರಗಿಡುವುದು ನನ್ನ ಕೆಲಸವಾಗಿತ್ತು. ಒಳಗೆ ಯಾರೂ ಇಲ್ಲದ ಮೇಲೆ ನಾನು ಆ ಕೆಲಸ ಬಿಟ್ಟಿದ್ದೇನೆ.